ಕಂಪ್ಯೂಟರ್‌ಗಳ ಕಾಲಗಣನೆ ಮತ್ತು ಅದರ ಮೈಲಿಗಲ್ಲುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕಂಪ್ಯೂಟರ್‌ಗಳು ಕಾಲವನ್ನು ಹೇಗೆ ಎಣಿಸುತ್ತವೆ, ಆ ಎಣಿಕೆ ಈವರೆಗೆ ದಾಟಿಬಂದ ಘಟ್ಟಗಳು ಯಾವುವು, ಮುಂದೆ ದಾಟಬೇಕಾದ ಕಂಟಕಗಳು ಯಾವುವು ಎಂಬ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಬೇರೆ ರೀತಿ ಹೇಳಿಲ್ಲದ ಕಡೆಗಳಲ್ಲಿ ಗಂಟೆ ನಿಮಿಷಗಳನ್ನೆಲ್ಲ ಭಾರತೀಯ ಕಾಲಮಾನದಲ್ಲಿ ಕೊಟ್ಟಿದೆ. ಅಂತರರಾಷ್ಟ್ರೀಯ ಕಾಲಮಾನ ಬೇಕಾದವರು ಅದರಿಂದ ಐದೂವರೆ ಗಂಟೆ ಕಳೆದುಕೊಳ್ಳಬಹುದು.

ಇವತ್ತು ಯಾವ ದಿನ ಎಂಬುದು ಕಂಪ್ಯೂಟರಿಗೆ ಹೇಗೆ ಗೊತ್ತಾಗುತ್ತದೆ?

ನಿಜ ಹೇಳಬೇಕೆಂದರೆ ಅದಕ್ಕೆ ದಿನ, ವಾರ, ತಿಂಗಳು ಯಾವುದೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಎಣಿಸುವುದೊಂದೇ. ಯಂತ್ರದೊಳಗೆ ಒಂದು ಚಿಕ್ಕ ಕ್ವಾರ್ಟ್ಜ್ ಹರಳು ಇರುತ್ತದೆ. ಕೈಗಡಿಯಾರಗಳಲ್ಲಿಯೂ ಕಂಪ್ಯೂಟರ್‌ಗಳ ಗಡಿಯಾರದ ಚಿಪ್‌ಗಳಲ್ಲಿಯೂ ಸಾಮಾನ್ಯವಾಗಿ ಬಳಸುವ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಈ ವಿಚಿತ್ರ ಸಂಖ್ಯೆಯನ್ನು ಆರಿಸಿಕೊಂಡಿದ್ದಕ್ಕೆ ಕಾರಣವಿದೆ: ಅದನ್ನು ಹದಿನೈದು ಬಾರಿ ಅರ್ಧ ಮಾಡಿದರೆ ಸರಿಯಾಗಿ ಒಂದು ಉಳಿಯುತ್ತದೆ, ಮತ್ತು ಅರ್ಧ ಮಾಡುವುದು ವಿದ್ಯುನ್ಮಂಡಲಕ್ಕೆ ಅತ್ಯಂತ ಸುಲಭದ ಕೆಲಸ. ಯಂತ್ರ ಆರಿದ್ದಾಗಲೂ ಮದರ್‌ಬೋರ್ಡಿನ ಮೇಲಿನ ನಾಣ್ಯದಾಕಾರದ ಬ್ಯಾಟರಿ ಈ ಗಡಿಯಾರವನ್ನು ನಡೆಸುತ್ತಿರುತ್ತದೆ. ಯಂತ್ರ ಚಾಲೂ ಆದೊಡನೆ ಅದರ ಆಪರೇಟಿಂಗ್ ಸಿಸ್ಟಮ್ ಆ ಗಡಿಯಾರವನ್ನು ಒಮ್ಮೆ ನೋಡಿಕೊಂಡು, ಅಲ್ಲಿಂದಾಚೆಗೆ ತನ್ನದೇ ಲೆಕ್ಕವನ್ನು ಮುಂದುವರಿಸುತ್ತದೆ. ತೆರೆಯ ಮೂಲೆಯಲ್ಲಿ ಕಾಣುವ ತಾರೀಖು ಈ ಲೆಕ್ಕದಿಂದ ಪ್ರತಿ ಸಲ ಹೊಸದಾಗಿ ಗುಣಿಸಿ ಭಾಗಿಸಿ ತೆಗೆದದ್ದು.

ಹರಳು ಅಗ್ಗದ್ದು, ಆದ್ದರಿಂದ ಪರಿಪೂರ್ಣವಲ್ಲ. ಹತ್ತು ಲಕ್ಷಕ್ಕೆ ಇಪ್ಪತ್ತರಷ್ಟು ತಪ್ಪುವ ಹರಳು ದಿನಕ್ಕೆ ಸುಮಾರು 1.7 ಸೆಕೆಂಡು ಹಿಂದೆ ಅಥವಾ ಮುಂದೆ ಬೀಳುತ್ತದೆ. ಇದನ್ನು ಸರಿಪಡಿಸುವ ಏರ್ಪಾಡಿನ ಬಗ್ಗೆ ಮುಂದೆ ಬರುತ್ತದೆ.

ಎಣಿಸುವುದಾದರೆ ಎಲ್ಲಿಂದ ಎಣಿಸುತ್ತದೆ?

ಯಾರೋ ಒಬ್ಬರು ಗೊತ್ತುಮಾಡಿದ ಒಂದು ಕ್ಷಣದಿಂದ. ಇಂಗ್ಲಿಷಿನವರು ಎಪೋಕ್ ಎನ್ನುವ ಈ ಆರಂಭ ಬಿಂದುವಿಗೆ ನಮ್ಮಲ್ಲಿ ಹೊಸ ಪದ ಹುಡುಕಬೇಕಾಗಿಲ್ಲ. ಯುಗದ ಆದಿ ಎಂಬ ಅಕ್ಷರಶಃ ಅರ್ಥದಲ್ಲಿ ಅದು ಯುಗಾದಿಯೇ. ಪಂಚಾಂಗದ ಗಣಿತ ಬಲ್ಲವರಿಗೆ ಈ ಉಪಾಯ ತೀರ ಹಳೆಯದು. ಕ್ರಿಸ್ತಪೂರ್ವ 3102ರ ಫೆಬ್ರವರಿ 18ರಂದು ಕಲಿಯುಗ ಆರಂಭವಾಯಿತೆಂದು ಇಟ್ಟುಕೊಂಡು, ಅಂದಿನಿಂದ ಇಂದಿನವರೆಗೆ ಕಳೆದ ದಿನಗಳ ಒಟ್ಟು ಸಂಖ್ಯೆಯನ್ನು ಮೊದಲು ತೆಗೆಯುತ್ತಾರೆ; ಅದೇ ಅಹರ್ಗಣ. ಗ್ರಹಗಳ ಸ್ಥಾನವನ್ನು ಹೇಳುವ ಲೆಕ್ಕವೆಲ್ಲ ಆ ಒಂದು ಸಂಖ್ಯೆಯ ಮೇಲೆ ನಿಂತಿರುತ್ತದೆ. ಮಾಸ, ಅಧಿಕಮಾಸ, ಸಂವತ್ಸರಗಳ ತೊಡಕನ್ನು ಬದಿಗಿಟ್ಟು ಒಂದೇ ಸಾಲಿನ ಎಣಿಕೆಗೆ ಇಳಿಸಿಕೊಂಡರೆ ಎರಡು ಕ್ಷಣಗಳ ಅಂತರ ತಿಳಿಯಲು ಒಂದು ವ್ಯವಕಲನ ಸಾಕು. ಕಂಪ್ಯೂಟರ್ ಮಾಡುವುದೂ ಇದನ್ನೇ, ದಿನದ ಬದಲು ಸೆಕೆಂಡಿನಲ್ಲಿ.

ಇಂದು ಅತಿ ಹೆಚ್ಚು ಬಳಕೆಯಲ್ಲಿರುವ ಯುಗಾದಿಯೆಂದರೆ ಅಂತರರಾಷ್ಟ್ರೀಯ ಕಾಲಮಾನದ ಪ್ರಕಾರ 1970ರ ಜನವರಿ 1ರ ನಡುರಾತ್ರಿ. ಕಲಿ ಅಹರ್ಗಣದಲ್ಲಿ ಹೇಳುವುದಾದರೆ ಸುಮಾರು 18 ಲಕ್ಷ 52 ಸಾವಿರ ದಿನಗಳು ಕಳೆದಿದ್ದ ಹೊತ್ತು. ಲಿನಕ್ಸ್, ಆಂಡ್ರಾಯ್ಡ್, ಆಪಲ್‌ನ ಯಂತ್ರಗಳ ಒಳಪದರ, ಬಹುಪಾಲು ಸರ್ವರ್‌ಗಳು, ಜಾವಾಸ್ಕ್ರಿಪ್ಟ್ ಭಾಷೆ, ಇವೆಲ್ಲವೂ ಅಲ್ಲಿಂದಲೇ ಎಣಿಸುತ್ತವೆ. ವಿಂಡೋಸ್‌ನ ಕಡತ ವ್ಯವಸ್ಥೆ ಮಾತ್ರ 1601ರ ಜನವರಿ 1ರಿಂದ, ಸೆಕೆಂಡಿನ ಕೋಟಿಯಲ್ಲೊಂದು ಭಾಗವನ್ನು ಏಕಮಾನವಾಗಿಟ್ಟುಕೊಂಡು ಎಣಿಸುತ್ತದೆ. ಗ್ರೆಗೋರಿಯನ್ ಪಂಚಾಂಗದಲ್ಲಿ ಅಧಿಕ ವರ್ಷಗಳ ಕ್ರಮ 400 ವರ್ಷಕ್ಕೊಮ್ಮೆ ಮರುಕಳಿಸುತ್ತದೆ. ಅಂಥ ಒಂದು ಆವರ್ತನದ ಮೊದಲ ವರ್ಷ 1601.

1970ರಲ್ಲಿ ಅಂಥ ವಿಶೇಷವೇನು ನಡೆಯಿತು?

ಏನೂ ನಡೆಯಲಿಲ್ಲ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಮ್ಸನ್ ಮತ್ತು ಡೆನ್ನಿಸ್ ರಿಚಿ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಅನ್ನು ಕಟ್ಟುತ್ತಿದ್ದ ಕಾಲ ಅದು, ಅಷ್ಟೆ. 1971ರ ನವೆಂಬರಿನಲ್ಲಿ ಹೊರಬಂದ ಅದರ ಮೊದಲ ಕೈಪಿಡಿಯನ್ನು ನೋಡಿದರೆ ಆರಂಭ ಬಿಂದು 1970 ಅಲ್ಲ, 1971ರ ಜನವರಿ 1. ಏಕಮಾನ ಸೆಕೆಂಡಲ್ಲ, ಸೆಕೆಂಡಿನ ಅರವತ್ತನೆಯ ಒಂದು ಭಾಗ. ಅಮೆರಿಕದ ವಿದ್ಯುತ್ ಪೂರೈಕೆ ಸೆಕೆಂಡಿಗೆ 60 ಆವರ್ತಗಳದ್ದು. ಗೋಡೆಯ ಪ್ಲಗ್ಗಿನಿಂದ ಬರುವ ಆ ಮಿಡಿತವನ್ನೇ ಯಂತ್ರದ ಗಡಿಯಾರ ಎಣಿಸುತ್ತಿತ್ತು. (ಯುನಿಕ್ಸ್ ನಮ್ಮಲ್ಲಿ ಹುಟ್ಟಿದ್ದರೆ ಆ ಭಾಗ ಐವತ್ತನೆಯದಾಗಿರುತ್ತಿತ್ತು.)

ಆದರೆ ಆ ಎಣಿಕೆಗೆ ಅವರು ಕೊಟ್ಟಿದ್ದ ಜಾಗ 32 ಬಿಟ್‌ಗಳದ್ದು (ಬಿಟ್ ಎಂದರೆ ಸೊನ್ನೆ ಅಥವಾ ಒಂದು, ಇವೆರಡರಲ್ಲಿ ಒಂದನ್ನು ಮಾತ್ರ ಇಡಬಹುದಾದ ಒಂದು ಮನೆ). ಅಷ್ಟರಲ್ಲಿ ಬರೆಯಬಹುದಾದ ಬೇರೆ ಬೇರೆ ಸಂಖ್ಯೆಗಳು ಸುಮಾರು 429 ಕೋಟಿ. ಸೆಕೆಂಡಿಗೆ 60ರಂತೆ ಖರ್ಚು ಮಾಡಿದರೆ ಎರಡೂಕಾಲು ವರ್ಷದಲ್ಲಿ ಮುಗಿದುಹೋಗುತ್ತದೆ. ಈ ಕೊರತೆ ಕೈಪಿಡಿ ಬರೆದವರಿಗೂ ಗೊತ್ತಿತ್ತು. 1973ರಲ್ಲಿ ಬಂದ ನಾಲ್ಕನೆಯ ಆವೃತ್ತಿಯ ಹೊತ್ತಿಗೆ ಏಕಮಾನವನ್ನು ಪೂರ್ಣ ಸೆಕೆಂಡಿಗೆ ಏರಿಸಿ, ಆರಂಭವನ್ನು ದಶಕದ ಮೊದಲ ದಿನಕ್ಕೆ ಒಯ್ದು ನಿಲ್ಲಿಸಲಾಯಿತು. ಎರಡು ವರ್ಷ ಬಾಳುತ್ತಿದ್ದದ್ದು ಹೀಗೆ ಅರವತ್ತೆಂಟು ವರ್ಷ ಬಾಳುವಂತಾಯಿತು. ಐವತ್ತು ವರ್ಷ ಕಳೆದರೂ ತಮ್ಮ ತೀರ್ಮಾನ ಜಗತ್ತಿನ ಪ್ರತಿ ಜೇಬಿನಲ್ಲಿ ಓಡುತ್ತಿರುತ್ತದೆ ಎಂದು ಅವರು ಅಂದುಕೊಂಡಿರಲಾರರು.

ನನ್ನ ಫೋನಿನಲ್ಲಿ ಒಂದು ಫೋಟೋದ ತಾರೀಖು 1970ರ ಜನವರಿ 1, ಬೆಳಿಗ್ಗೆ 5:30 ಎಂದು ತೋರಿಸುತ್ತಿದೆ. ಫೋನ್ ಕೆಟ್ಟಿದೆಯೇ?

ಕೆಟ್ಟಿಲ್ಲ. ಆ ಕಡತದ ಕಾಲದ ಜಾಗದಲ್ಲಿ ಸೊನ್ನೆ ಇದೆ ಎಂದಷ್ಟೇ ಅದರ ಅರ್ಥ. ಕಳುಹಿಸಿದ ತಂತ್ರಾಂಶವೋ ಪಡೆದ ತಂತ್ರಾಂಶವೋ ತಾರೀಖನ್ನು ತುಂಬಲು ಮರೆತಿದೆ. ಸೊನ್ನೆಯೆಂದರೆ ಯುಗಾದಿ, ಅದಕ್ಕೆ ನಮ್ಮ ಐದೂವರೆ ಗಂಟೆ ಸೇರಿದಾಗ ಬೆಳಿಗ್ಗೆ 5:30 ಆಗುತ್ತದೆ. ಇದೇ ಫೋಟೋವನ್ನು ಅಮೆರಿಕದಲ್ಲಿರುವ ನಿಮ್ಮ ಮಗಳು ತೆರೆದರೆ ಅವಳಿಗೆ 1969ರ ಡಿಸೆಂಬರ್ 31ರ ಸಂಜೆ ಕಾಣುತ್ತದೆ. 2015ರ ಕೊನೆಯ ದಿನ ಫೇಸ್‌ಬುಕ್ ಅನೇಕರಿಗೆ ನಿಮ್ಮ ಗೆಳೆತನಕ್ಕೆ 46 ವರ್ಷ ತುಂಬಿತೆಂದು ಶುಭಾಶಯ ಹೇಳಿತ್ತು. ಅದಕ್ಕೂ ಇಂಥ ಸೊನ್ನೆಯೇ ಕಾರಣವೆಂದು ಆಗ ತಿಳಿದವರೆಲ್ಲ ಊಹಿಸಿದರು.

ಈವರೆಗೆ ದಾಟಿದ ಮುಖ್ಯ ಮೈಲಿಗಲ್ಲುಗಳು ಯಾವುವು?

ನೋಡಲು ಚೆಂದದ ಸಂಖ್ಯೆಗಳನ್ನು ಮೊದಲು ಹೇಳುತ್ತೇವೆ. ಯುನಿಕ್ಸ್ ಎಣಿಕೆ 10 ಕೋಟಿ ತಲುಪಿದ್ದು 1973ರ ಮಾರ್ಚ್ 3ರ ಮಧ್ಯಾಹ್ನ 3:16:40ಕ್ಕೆ. ಅದನ್ನು ಗಮನಿಸಲು ಆಗ ಯುನಿಕ್ಸ್ ಯಂತ್ರಗಳೇ ಬೆರಳೆಣಿಕೆಯಷ್ಟಿದ್ದವು. 100 ಕೋಟಿ ಸೆಕೆಂಡು ತುಂಬಿದ್ದು 2001ರ ಸೆಪ್ಟೆಂಬರ್ 9ರ ಭಾನುವಾರ ಬೆಳಿಗ್ಗೆ 7:16:40ಕ್ಕೆ. ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕಿನ ಯುನಿಕ್ಸ್ ಬಳಕೆದಾರರ ಸಂಘ ಇದಕ್ಕಾಗಿ ರಾತ್ರಿಯಿಡೀ ಕೂಟ ನಡೆಸಿತ್ತು. 1234567890 ಎಂದು ಅಂಕಿಗಳು ಸಾಲಾಗಿ ನಿಂತದ್ದು 2009ರ ಫೆಬ್ರವರಿ 14ರ ಬೆಳಗಿನ ಜಾವ 5:01:30ಕ್ಕೆ. 150 ಕೋಟಿ ಆದದ್ದು 2017ರ ಜುಲೈ 14ರ ಬೆಳಿಗ್ಗೆ 8:10ಕ್ಕೆ, 170 ಕೋಟಿ ಆದದ್ದು 2023ರ ನವೆಂಬರ್ 15ರ ನಸುಕಿನ 3:43:20ಕ್ಕೆ. 200 ಕೋಟಿ ತುಂಬುವುದು 2033ರ ಮೇ 18ರ ಬೆಳಿಗ್ಗೆ 9:03:20ಕ್ಕೆ.

ಇವುಗಳಲ್ಲಿ ಯಂತ್ರಕ್ಕೂ ಸ್ವಲ್ಪ ಮಟ್ಟಿಗೆ ತಟ್ಟಿದ್ದು 2001ರದ್ದು ಮಾತ್ರ, ಏಕೆಂದರೆ ಅಂದು ಎಣಿಕೆ ಒಂಬತ್ತು ಅಂಕಿಗಳಿಂದ ಹತ್ತಕ್ಕೆ ಏರಿತು. ಕಾಲವನ್ನು ಸಂಖ್ಯೆಯಾಗಿ ಅಲ್ಲದೆ ಅಕ್ಷರಗಳ ಸಾಲಾಗಿ ಉಳಿಸಿ, ಅಕಾರಾದಿಯಾಗಿ ಜೋಡಿಸುತ್ತಿದ್ದ ಕೆಲವು ತಂತ್ರಾಂಶಗಳಲ್ಲಿ ಒಂದರಿಂದ ಶುರುವಾಗುವ ಹೊಸ ಸಂಖ್ಯೆ ಒಂಬತ್ತರಿಂದ ಶುರುವಾಗುವ ಹಳೆಯದಕ್ಕಿಂತ ಮೊದಲು ಬಂದು ಕುಳಿತಿತು. ಉಳಿದ ದುಂಡು ಸಂಖ್ಯೆಗಳೆಲ್ಲ ಹತ್ತು ಬೆರಳಿರುವ ನಮ್ಮ ಸಂಭ್ರಮಕ್ಕೆ. ಎರಡರ ಲೆಕ್ಕದಲ್ಲಿ ಬದುಕುವ ಯಂತ್ರಕ್ಕೆ ನಿಜವಾದ ಮೈಲಿಗಲ್ಲುಗಳು ಬೇರೆಯೇ ಇವೆ, ಮತ್ತು ಅವು ನಮ್ಮ ಕಣ್ಣಿಗೆ ಅಂದವಾಗಿ ಕಾಣುವುದಿಲ್ಲ.

2038ರಲ್ಲಿ ಏನಾಗುತ್ತದೆ?

ಜಪಮಾಲೆಯನ್ನು ನೆನಪಿಗೆ ತಂದುಕೊಳ್ಳಿ. 108 ಮಣಿಗಳು ಮುಗಿದ ಮೇಲೆ ಬೆರಳಿಗೆ ಸಿಗುವುದು 109ನೆಯ ಮಣಿಯಲ್ಲ, ಮತ್ತೆ ಮೊದಲನೆಯದೇ. ಎಷ್ಟು ಸುತ್ತು ಆಯಿತೆಂಬುದನ್ನು ಜಪ ಮಾಡುವವರು ಬೇರೆ ಕಡೆ ನೆನಪಿಟ್ಟುಕೊಳ್ಳಬೇಕು. ಮಾಲೆ ಅದನ್ನು ಹೇಳುವುದಿಲ್ಲ. ಕಂಪ್ಯೂಟರಿನಲ್ಲಿ ಒಂದು ಸಂಖ್ಯೆಗೆಂದು ಮೀಸಲಿಟ್ಟ ಬಿಟ್‌ಗಳು ಇಂಥ ಮಾಲೆಯ ಮಣಿಗಳ ಹಾಗೆ ಮೊದಲೇ ಗೊತ್ತುಮಾಡಿದಷ್ಟು ಮಾತ್ರ ಇರುತ್ತವೆ.

ಯುನಿಕ್ಸ್ ಎಣಿಕೆಗೆ ಸಿಕ್ಕಿದ್ದ 32 ಬಿಟ್‌ಗಳಲ್ಲಿ ಒಂದು ಧನವೋ ಋಣವೋ ಎಂಬ ಚಿಹ್ನೆಗೆ ಹೋಗುತ್ತದೆ. 1970ಕ್ಕಿಂತ ಹಿಂದಿನ ತಾರೀಖುಗಳನ್ನು ಋಣ ಸಂಖ್ಯೆಗಳಾಗಿ ಬರೆಯಲು ಇದರಿಂದ ಅನುಕೂಲವಾಯಿತಾದರೂ ಮುಂದಕ್ಕೆ ಹೋಗುವ ದಾರಿ ಅರ್ಧಕ್ಕೆ ಇಳಿಯಿತು. ಉಳಿದ 31 ಬಿಟ್‌ಗಳಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 214,74,83,647. ಎಣಿಕೆ ಅಲ್ಲಿಗೆ ಮುಟ್ಟುವುದು 2038ರ ಜನವರಿ 19ರ ಮಂಗಳವಾರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮರು ಸೆಕೆಂಡಿನಲ್ಲಿ ಒಂದು ಕೂಡಿಸಿದಾಗ ಆ ಒಂದು ಚಿಹ್ನೆಯ ಬಿಟ್ಟಿನೊಳಗೆ ಉಕ್ಕಿ, ಅತಿ ದೊಡ್ಡ ಧನ ಸಂಖ್ಯೆ ಅತಿ ದೊಡ್ಡ ಋಣ ಸಂಖ್ಯೆಯಾಗಿ ತಿರುಗುತ್ತದೆ. ಕ್ಯಾಲೆಂಡರಿನ ಭಾಷೆಯಲ್ಲಿ ಹೇಳುವುದಾದರೆ ಯಂತ್ರ 1901ರ ಡಿಸೆಂಬರ್ ತಿಂಗಳಿಗೆ ಹೋಗಿ ನಿಲ್ಲುತ್ತದೆ.

ತಾರೀಖು ತಪ್ಪಾಗಿ ಕಾಣುವುದು ಇದರಲ್ಲಿ ಸಣ್ಣ ತೊಂದರೆ. ಇನ್ನು ಐದು ಸೆಕೆಂಡು ಬಿಟ್ಟು ಈ ಕೆಲಸ ಮಾಡು ಎಂದು ಕಾದು ಕುಳಿತ ತಂತ್ರಾಂಶ 136 ವರ್ಷ ಕಾಯಬೇಕಾದೀತು. ಸುರಕ್ಷತಾ ಪ್ರಮಾಣಪತ್ರಗಳು ಇನ್ನೂ ಜಾರಿಗೇ ಬಂದಿಲ್ಲವೆಂದು ಯಂತ್ರ ತಿರಸ್ಕರಿಸಬಹುದು. ಎರಡು ಅಳತೆಗಳ ನಡುವಿನ ಕಾಲಾವಧಿ ಋಣವಾಗಿ ಬಂದು, ಅದರಿಂದ ಭಾಗಿಸುವ ಲೆಕ್ಕವೆಲ್ಲ ತಲೆಕೆಳಗಾಗಬಹುದು.

ಅದಕ್ಕೆ ಇನ್ನೂ ವರ್ಷಗಳಿವೆಯಲ್ಲ?

ಭವಿಷ್ಯದ ತಾರೀಖುಗಳನ್ನು ಲೆಕ್ಕ ಹಾಕುವ ತಂತ್ರಾಂಶಕ್ಕೆ 2038 ಆಗಲೇ ಬಂದಿದೆ. ಮೂವತ್ತು ವರ್ಷದ ಗೃಹಸಾಲದ ಕೊನೆಯ ಕಂತಿನ ತಾರೀಖು 2008ರಿಂದಲೇ ಆ ಗಡಿಯ ಆಚೆಗಿದೆ. ಇಪ್ಪತ್ತು ವರ್ಷದ್ದು 2018ರಿಂದ. ಸ್ಪಷ್ಟವಾಗಿ ದಾಖಲಾದ ಮೊದಲ ನಿದರ್ಶನಗಳಲ್ಲಿ ಒಂದು ನಡೆದದ್ದು 2006ರ ಮೇ 13ರಂದು. ಎಒಎಲ್‌ಸರ್ವರ್ ಎಂಬ ಜಾಲ ಸರ್ವರ್ ತಂತ್ರಾಂಶದಲ್ಲಿ, ಡೇಟಾಬೇಸಿಗೆ ಕಳುಹಿಸಿದ ಕೋರಿಕೆಗೆ ಕಾಲಮಿತಿಯೇ ಇರಬಾರದು ಎಂಬ ಉದ್ದೇಶದಿಂದ 100 ಕೋಟಿ ಸೆಕೆಂಡು ಎಂದು ಬರೆದಿಡುವ ರೂಢಿಯಿತ್ತು. ಆ ದಿನ ಬೆಳಿಗ್ಗೆ ಏಳಕ್ಕೆ ಕೆಲವೇ ನಿಮಿಷ ಇರುವಾಗ, ಇಂದಿನ ಎಣಿಕೆಗೆ 100 ಕೋಟಿ ಕೂಡಿಸಿದರೆ ಮೊತ್ತ 2038ರ ಗಡಿಯನ್ನು ದಾಟತೊಡಗಿತು, ಸರ್ವರ್‌ಗಳು ಕುಸಿದವು. ಎಂದೆಂದಿಗೂ ಎಂದು ಬರೆದದ್ದು ಭೂತಕಾಲಕ್ಕೆ ಹೋಗಿಬಿದ್ದಿತ್ತು.

64 ಬಿಟ್ ಬಂದ ಮೇಲೆ ಸಮಸ್ಯೆ ಮುಗಿಯಲಿಲ್ಲವೇ?

ತತ್ತ್ವದಲ್ಲಿ ಮುಗಿಯಿತು. 64 ಬಿಟ್‌ಗಳಲ್ಲಿ ಸೆಕೆಂಡು ಎಣಿಸಿದರೆ ಸುಮಾರು 29,200 ಕೋಟಿ ವರ್ಷ ಸಾಕಾಗುತ್ತದೆ. ವಿಶ್ವದ ಈವರೆಗಿನ ವಯಸ್ಸಿನ ಇಪ್ಪತ್ತು ಪಟ್ಟಿಗೂ ಹೆಚ್ಚು. ಇಂದಿನ ಲ್ಯಾಪ್‌ಟಾಪ್‌ಗಳೂ ಹೊಸ ಫೋನುಗಳೂ ಈ ದಾರಿಗೆ ಬಂದಿವೆ. 32-ಬಿಟ್ ಪ್ರೊಸೆಸರ್‌ಗಳ ಮೇಲೂ 64-ಬಿಟ್ ಕಾಲವನ್ನು ಬಳಸುವ ವ್ಯವಸ್ಥೆ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ 2020ರ 5.6ನೆಯ ಆವೃತ್ತಿಯ ಹೊತ್ತಿಗೆ ಪೂರ್ಣಗೊಂಡಿತು.

ಆದರೆ ಪ್ರೊಸೆಸರ್ ದೊಡ್ಡದಾದ ಮಾತ್ರಕ್ಕೆ ಅದರ ಮೇಲೆ ಉಳಿಸಿಟ್ಟ ದಾಖಲೆಯ ಅಂಕಣ ದೊಡ್ಡದಾಗುವುದಿಲ್ಲ. ಮೈಎಸ್‌ಕ್ಯೂಎಲ್ ಡೇಟಾಬೇಸಿನ ಟೈಮ್‌ಸ್ಟ್ಯಾಂಪ್ ಎಂಬ ಪ್ರಕಾರದ ಮಿತಿ 2038ರ ಜನವರಿ 19 ಎಂದೇ ಅದರ ಕೈಪಿಡಿ ಹೇಳುತ್ತ ಬಂದಿದೆ. ಹಳೆಯ ಅಳತೆಯ ಐನೋಡ್ (ಪ್ರತಿ ಕಡತದ ವಿವರಗಳನ್ನು ಬರೆದಿಡುವ ದಾಖಲೆ) ಇಟ್ಟುಕೊಂಡ ಕಡತ ವ್ಯವಸ್ಥೆಗಳೂ, ನಾಲ್ಕೇ ಬೈಟುಗಳಲ್ಲಿ, ಅಂದರೆ 32 ಬಿಟ್‌ಗಳಲ್ಲಿ, ಕಾಲವನ್ನು ಕಳುಹಿಸುವ ಹಳೆಯ ಸಂವಹನ ನಿಯಮಗಳೂ ಅಷ್ಟೇ. ಎಲ್ಲಕ್ಕಿಂತ ಹೆಚ್ಚಿನ ಚಿಂತೆ ಗೋಡೆಯೊಳಗೆ, ಕಂಬದ ಮೇಲೆ, ಯಂತ್ರದ ಹೊಟ್ಟೆಯಲ್ಲಿ ಒಮ್ಮೆ ಕೂರಿಸಿ ಮರೆತ ಸಣ್ಣ ನಿಯಂತ್ರಕಗಳದ್ದು. ಮೀಟರ್, ಲಿಫ್ಟ್, ಕಾರ್ಖಾನೆಯ ಕವಾಟಗಳಂಥ ಕಡೆ ಇಪ್ಪತ್ತು ಮೂವತ್ತು ವರ್ಷ ಕೆಲಸ ಮಾಡಲೆಂದೇ ಅವುಗಳನ್ನು ಅಳವಡಿಸಿರುತ್ತಾರೆ, ಮತ್ತು ಅವುಗಳ ತಂತ್ರಾಂಶವನ್ನು ಬದಲಿಸಲು ಬಹಳ ಸಲ ದಾರಿಯೇ ಇರುವುದಿಲ್ಲ.

ಚಿಹ್ನೆಯ ಬಿಟ್ಟನ್ನು ಕಿತ್ತುಹಾಕಿದರೆ?

2106ರ ಫೆಬ್ರವರಿ 7ರವರೆಗೆ ಸಮಯ ಸಿಗುತ್ತದೆ, 1970ಕ್ಕಿಂತ ಮೊದಲು ಹುಟ್ಟಿದವರ ಜನ್ಮದಿನಾಂಕ ಕೈಬಿಟ್ಟುಹೋಗುತ್ತದೆ.

ಇದು ವೈ2ಕೆ ಸಮಸ್ಯೆಯ ಪುನರಾವರ್ತನೆಯೇ?

ಹೊರನೋಟಕ್ಕೆ ಹಾಗೆ ಕಂಡರೂ ಬೇರು ಬೇರೆ. ವೈ2ಕೆ ಮನುಷ್ಯರ ಬರವಣಿಗೆಯ ದೋಷವಾಗಿತ್ತು: 80 ಅಂಕಣಗಳ ರಂಧ್ರಪತ್ರಗಳ ಕಾಲದಲ್ಲಿ ಜಾಗ ಉಳಿಸಲೆಂದು ವರ್ಷದ ಕೊನೆಯ ಎರಡು ಅಂಕಿಗಳನ್ನಷ್ಟೇ ಬರೆದಿಟ್ಟರು, 2000 ಬಂದಾಗ 00 ಎಂದರೆ ಯಾವ ಶತಮಾನ ಎಂಬ ಪ್ರಶ್ನೆ ಎದ್ದಿತು. ಅದನ್ನು ಕಣ್ಣಿನಿಂದ ಓದಿ ಹುಡುಕಬಹುದಿತ್ತು. ಕೋಬಾಲ್ ಭಾಷೆಯ ಲಕ್ಷಾಂತರ ಸಾಲುಗಳನ್ನು ಓದಿ ತಿದ್ದುವ ಈ ಬೇಸರದ ಕೆಲಸವೇ ಬೆಂಗಳೂರಿನ ಅನೇಕ ತಂತ್ರಾಂಶ ಸಂಸ್ಥೆಗಳಿಗೆ ವಿದೇಶಿ ಗ್ರಾಹಕರ ಬಾಗಿಲು ತೆರೆಯಿತು. ಏನೂ ಆಗಲಿಲ್ಲವಲ್ಲ, ಸುಮ್ಮನೆ ಹೆದರಿಸಿದರು ಎಂದು ಈಗಲೂ ಹೇಳುವವರಿದ್ದಾರೆ. ಸೋರುವ ಸೂರನ್ನು ಮಳೆಗಾಲಕ್ಕೆ ಮುಂಚೆ ರಿಪೇರಿ ಮಾಡಿಸಿದವರ ಮನೆಯಲ್ಲಿ ಸೋರದಿದ್ದರೆ ರಿಪೇರಿ ದಂಡವೆನ್ನಲಾಗದು ಎಂಬುದು ನಮ್ಮ ಅಭಿಪ್ರಾಯ.

2038ರ ದೋಷ ಬರವಣಿಗೆಯಲ್ಲಿಲ್ಲ, ಸಂಖ್ಯೆಯನ್ನು ಇಡುವ ಪಾತ್ರೆಯ ಅಳತೆಯಲ್ಲಿದೆ. ತಂತ್ರಾಂಶದ ಮೂಲ ಪಠ್ಯವನ್ನು ಓದಿದರೆ ತಪ್ಪೇನೂ ಕಾಣದಿರಬಹುದು.

ಇಂಥ ಮಿತಿಗಳು ಮೊದಲೂ ಮೀರಿದ್ದುಂಟೇ?

ಹಲವು ಬಾರಿ. ಡಿಇಸಿ ಕಂಪನಿಯ ಪಿಡಿಪಿ-10 ಯಂತ್ರಗಳ ಟಾಪ್ಸ್-10 ವ್ಯವಸ್ಥೆಯಲ್ಲಿ ದಿನಾಂಕಕ್ಕೆ 12 ಬಿಟ್ ಮಾತ್ರ ಇತ್ತು. 1964ರಿಂದ ಶುರುಮಾಡಿ, ಪ್ರತಿ ತಿಂಗಳಿಗೂ 31 ದಿನವೆಂದು ಎಣಿಸುತ್ತಿದ್ದ ಆ ಲೆಕ್ಕದ 4,096 ಸಂಖ್ಯೆಗಳು 1975ರ ಜನವರಿ 4ಕ್ಕೆ ಮುಗಿದುಹೋದವು. ಈ ಹನ್ನೊಂದು ವರ್ಷದ ಅವಧಿ ನೋಡಿದಾಗ ಒಂದು ಮಾತು ನೆನಪಾಗುತ್ತದೆ. 1520ರಲ್ಲಿ ಗಣೇಶ ದೈವಜ್ಞ ರಚಿಸಿದ ಗ್ರಹಲಾಘವದಲ್ಲಿಯೂ ಅಹರ್ಗಣ ಸುಮಾರು ಹನ್ನೊಂದು ವರ್ಷಕ್ಕೊಮ್ಮೆ, 4,016 ದಿನಗಳಿಗೆ, ಮತ್ತೆ ಮೊದಲಿಗೆ ಬರುತ್ತದೆ. ದೊಡ್ಡ ಸಂಖ್ಯೆಗಳನ್ನು ಕೈಯಲ್ಲಿ ಗುಣಿಸುವ ಕಷ್ಟ ತಪ್ಪಿಸಲು ಅವರು ಮಾಡಿದ ಉಪಾಯ ಅದು. ವ್ಯತ್ಯಾಸವಿಷ್ಟೇ: ಎಷ್ಟು ಚಕ್ರ ಕಳೆಯಿತೆಂಬುದನ್ನು ಅವರು ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದರು, ಟಾಪ್ಸ್-10 ಬರೆದುಕೊಳ್ಳಲಿಲ್ಲ.

ವಿಂಡೋಸ್ 95 ಮತ್ತು 98ರಲ್ಲಿ ಯಂತ್ರ ಚಾಲೂ ಆದಾಗಿನಿಂದ ಕಳೆದ ಮಿಲಿಸೆಕೆಂಡುಗಳನ್ನು 32 ಬಿಟ್‌ಗಳಲ್ಲಿ ಎಣಿಸುತ್ತಿದ್ದರು, 49.7 ದಿನಗಳಲ್ಲಿ ಅದು ತುಂಬಿ ಯಂತ್ರ ಸ್ತಬ್ಧವಾಗುತ್ತಿತ್ತು. ಅಷ್ಟು ದಿನ ಬಿಡದೆ ಓಡುವ ವಿಂಡೋಸ್ 95 ಅಪರೂಪವಾಗಿದ್ದರಿಂದ ಈ ದೋಷ ಬಹಳ ಕಾಲ ಯಾರ ಕಣ್ಣಿಗೂ ಬಿದ್ದಿರಲಿಲ್ಲ. 2015ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಕರು ಬೋಯಿಂಗ್ 787 ವಿಮಾನಗಳ ಬಗ್ಗೆ ಎಚ್ಚರಿಕೆ ಹೊರಡಿಸಿದರು: 248 ದಿನ ಸತತವಾಗಿ ವಿದ್ಯುತ್ ಹರಿಯುತ್ತಿದ್ದರೆ ಜನರೇಟರ್ ನಿಯಂತ್ರಕಗಳು ಒಟ್ಟಿಗೇ ನಿಂತುಹೋಗುವ ಸಂಭವವಿತ್ತು. ಸೆಕೆಂಡಿನ ನೂರನೆಯ ಭಾಗಗಳನ್ನು 31 ಬಿಟ್‌ಗಳಲ್ಲಿ ಎಣಿಸಿದರೆ ಸಿಗುವ ಅವಧಿ ಸರಿಯಾಗಿ ಅಷ್ಟೇ. 2022ರ ಹೊಸ ವರ್ಷದ ದಿನ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಸರ್ವರ್‌ಗಳಲ್ಲಿ ಇಮೇಲ್‌ಗಳು ಸಿಕ್ಕಿಹಾಕಿಕೊಂಡದ್ದು ಇನ್ನೂ ಸ್ವಾರಸ್ಯದ ಪ್ರಸಂಗ. ಅಲ್ಲಿ ಎಣಿಕೆಯೇ ಇರಲಿಲ್ಲ. ತಾರೀಖನ್ನು 2201010001 ಎಂದು ವರ್ಷ, ತಿಂಗಳು, ದಿನ ಸೇರಿಸಿ ಒಂದೇ ಸಂಖ್ಯೆಯಾಗಿ ಬರೆದಿದ್ದರು. 21ರಿಂದ ಶುರುವಾಗುವವರೆಗೆ ಅದು 214 ಕೋಟಿಯ ಮಿತಿಯೊಳಗಿತ್ತು, 22 ಬಂದೊಡನೆ ಆಚೆ ಹೋಯಿತು.

ಜಿಪಿಎಸ್ ಉಪಗ್ರಹಗಳೂ ಹೀಗೆಯೇ ಎಣಿಸುತ್ತವೆಯೇ?

ಅವು ವಾರಗಳನ್ನು ಎಣಿಸುತ್ತವೆ, ಮತ್ತು ಅವುಗಳ ಮಾಲೆ ತೀರ ಚಿಕ್ಕದು. 1980ರ ಜನವರಿ 6ರಿಂದ ಶುರುವಾದ ಎಣಿಕೆಗೆ ಮೂಲ ಸಂಕೇತದಲ್ಲಿ ಹತ್ತೇ ಬಿಟ್‌ಗಳಿರುವುದರಿಂದ 1,024 ವಾರಗಳಿಗೆ, ಅಂದರೆ ಹತ್ತೊಂಬತ್ತೂವರೆ ವರ್ಷಕ್ಕಿಂತ ಸ್ವಲ್ಪ ಹೆಚ್ಚಿಗೆ, ಒಂದು ಸುತ್ತು ಮುಗಿಯುತ್ತದೆ. ಮೊದಲ ಸುತ್ತು 1999ರ ಆಗಸ್ಟ್ 22ರ ಬೆಳಿಗ್ಗೆ, ಎರಡನೆಯದು 2019ರ ಏಪ್ರಿಲ್ 7ರ ಬೆಳಿಗ್ಗೆ ಮುಗಿದವು. ಮೂರನೆಯದು 2038ರ ನವೆಂಬರ್ 21ಕ್ಕೆ ಮುಗಿಯಲಿದೆ. ಅದೇಕೋ 2038ರ ಮೇಲೆ ಎಲ್ಲರ ಕಣ್ಣು. ಎಷ್ಟನೆಯ ಸುತ್ತು ಎಂಬುದನ್ನು ಉಪಗ್ರಹ ಹೇಳುವುದಿಲ್ಲ, ರಿಸೀವರ್ ತಾನೇ ಊಹಿಸಬೇಕು. 2019ರಲ್ಲಿ ನ್ಯೂಯಾರ್ಕ್ ನಗರಾಡಳಿತದ ನಿಸ್ತಂತು ಜಾಲ ಈ ಊಹೆ ತಪ್ಪಿ ಹಲವು ದಿನ ನಿಂತುಹೋಗಿತ್ತು. ಹೊಸ ಪೀಳಿಗೆಯ ಸಂಕೇತಗಳಲ್ಲಿ ವಾರಕ್ಕೆ 13 ಬಿಟ್‌ಗಳಿದ್ದು, ಒಂದು ಸುತ್ತಿಗೆ 157 ವರ್ಷ ಹಿಡಿಯುತ್ತದೆ.

ನಮ್ಮ ಇಸ್ರೋದ ನಾವಿಕ್ ವ್ಯವಸ್ಥೆಯ ಕಾಲ ಜಿಪಿಎಸ್ ಮಾಲೆಯ ಎರಡನೆಯ ಸುತ್ತು ಶುರುವಾದ 1999ರ ಆಗಸ್ಟ್ 22ರಿಂದಲೇ ಆರಂಭವಾಗುತ್ತದೆ. ಹಾಗಾಗಿ ಎರಡರ ವಾರದ ಸಂಖ್ಯೆಗಳು ಹೊಂದಿಕೊಳ್ಳುತ್ತವೆ. ಆ ಕಾಲವನ್ನು ನಿರ್ಧರಿಸುವ ಸೀಸಿಯಂ ಮತ್ತು ಹೈಡ್ರೋಜನ್ ಮೇಸರ್ ಪರಮಾಣು ಗಡಿಯಾರಗಳು ಇರುವುದು ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿ, 2013ರ ಮೇ ತಿಂಗಳಲ್ಲಿ ಉದ್ಘಾಟನೆಯಾದ ಇಸ್ರೋ ಪಥದರ್ಶಕ ಕೇಂದ್ರದಲ್ಲಿ.

ಅಂತರಜಾಲದ ಕಂಪ್ಯೂಟರ್‌ಗಳೆಲ್ಲ ಒಂದೇ ಸಮಯ ತೋರಿಸುವುದು ಹೇಗೆ?

ಡೆಲವೇರ್ ವಿಶ್ವವಿದ್ಯಾಲಯದ ಡೇವಿಡ್ ಮಿಲ್ಸ್ ರೂಪಿಸಿದ, 1985ರಲ್ಲಿ ಮೊದಲು ದಾಖಲೆಯಾಗಿ ಪ್ರಕಟವಾದ ಎನ್‌ಟಿಪಿ (ನೆಟ್‌ವರ್ಕ್ ಟೈಮ್ ಪ್ರೋಟೊಕಾಲ್) ಎಂಬ ಏರ್ಪಾಡಿನಿಂದ. ನಿಮ್ಮ ಯಂತ್ರ ಹೆಚ್ಚು ನಂಬಲರ್ಹವಾದ ಇನ್ನೊಂದು ಯಂತ್ರವನ್ನು ಸಮಯ ಕೇಳುತ್ತದೆ. ಕೇಳಿದ ಮತ್ತು ಉತ್ತರ ಬಂದ ಕ್ಷಣಗಳನ್ನು ಗುರುತಿಟ್ಟು, ಹೋಗಿಬರಲು ಹಿಡಿದ ಕಾಲದ ಅರ್ಧವನ್ನು ಹೊಂದಿಸಿಕೊಂಡು, ತನ್ನ ಹರಳಿನ ತಪ್ಪನ್ನು ಮೆಲ್ಲಗೆ ತಿದ್ದಿಕೊಳ್ಳುತ್ತದೆ. 2024ರ ಜನವರಿಯಲ್ಲಿ ತೀರಿಕೊಂಡ ಮಿಲ್ಸ್ ಅವರ ಕಣ್ಣಿನ ದೃಷ್ಟಿ ಜೀವನದುದ್ದಕ್ಕೂ ಮಂದವಾಗಿತ್ತು, ಕೊನೆಗೆ ಪೂರ್ತಿ ಹೋಯಿತು.

ಎನ್‌ಟಿಪಿ 1900ರ ಜನವರಿ 1ರಿಂದ, ಚಿಹ್ನೆಯಿಲ್ಲದ 32 ಬಿಟ್‌ಗಳಲ್ಲಿ ಸೆಕೆಂಡು ಎಣಿಸುತ್ತದೆ. ಆದ್ದರಿಂದ ಅದರ ಮಾಲೆ 2038ಕ್ಕೂ ಮುಂಚೆ, 2036ರ ಫೆಬ್ರವರಿ 7ರಂದು 11 ಗಂಟೆ 58 ನಿಮಿಷ 16 ಸೆಕೆಂಡಿಗೆ ಸುತ್ತು ಮುಗಿಸುತ್ತದೆ. ಸುತ್ತುಗಳಿಗೆ ಸಂಖ್ಯೆ ಕೊಟ್ಟು ನಿಭಾಯಿಸುವ ಕ್ರಮವನ್ನು ಅದರ ಈಗಿನ ಆವೃತ್ತಿ ಹೇಳಿಕೊಟ್ಟಿದೆ. ಆ ಕ್ರಮವನ್ನು ಓದದೆ ಬರೆದ ಸಣ್ಣ ಸಾಧನಗಳ ತಂತ್ರಾಂಶಗಳ ಪಾಡೇನೆಂಬುದು ಆ ದಿನ ಮಧ್ಯಾಹ್ನದೊಳಗೆ ತಿಳಿಯುತ್ತದೆ.

ಲೀಪ್ ಸೆಕೆಂಡ್ ಎಂದರೇನು? ಯುನಿಕ್ಸ್ ಅದನ್ನು ಎಣಿಸುತ್ತದೆಯೇ?

ಭೂಮಿಯ ತಿರುಗುವಿಕೆ ಪರಮಾಣು ಗಡಿಯಾರದಷ್ಟು ಏಕರೂಪವಲ್ಲ. ಎರಡರ ನಡುವಿನ ಅಂತರ ಬೆಳೆಯದಂತೆ 1972ರಿಂದ ಅಂತರರಾಷ್ಟ್ರೀಯ ಕಾಲಮಾನಕ್ಕೆ ಆಗಾಗ ಒಂದು ಸೆಕೆಂಡು ಸೇರಿಸುತ್ತ ಬಂದಿದ್ದಾರೆ. ಈವರೆಗೆ 27 ಬಾರಿ. ಕೊನೆಯದು ನಮಗೆ 2017ರ ಜನವರಿ 1ರ ಬೆಳಿಗ್ಗೆ ಬಂತು: 5:29:59 ಆದ ಮೇಲೆ 5:30:00 ಬರಲಿಲ್ಲ, 5:29:60 ಬಂತು.

ಯುನಿಕ್ಸ್ ಎಣಿಕೆಯಲ್ಲಿ ದಿನಕ್ಕೆ 86,400 ಸೆಕೆಂಡು, ಹೆಚ್ಚಿಲ್ಲ ಕಡಿಮೆಯಿಲ್ಲ. ಹೆಚ್ಚುವರಿ ಸೆಕೆಂಡಿಗೆ ಅಲ್ಲಿ ಪ್ರತ್ಯೇಕ ಸಂಖ್ಯೆಯೇ ಇಲ್ಲದ್ದರಿಂದ ಒಂದೇ ಸಂಖ್ಯೆ ಎರಡು ಸೆಕೆಂಡುಗಳಿಗೆ ಬರುತ್ತದೆ. ಹೀಗಾಗಿ 1970ರಿಂದ ಕಳೆದ ಒಟ್ಟು ಸೆಕೆಂಡುಗಳೇ ಯುನಿಕ್ಸ್ ಕಾಲ ಎಂದು ಎಲ್ಲ ಕಡೆ ಬರೆದಿರುವುದು (ಮೇಲೆ ನಾವೂ ಅದೇ ಅರ್ಥ ಬರುವಂತೆ ಬರೆದಿದ್ದೇವೆ) ಕಟ್ಟುನಿಟ್ಟಾಗಿ ನೋಡಿದರೆ ತಪ್ಪು. 27 ಸೆಕೆಂಡು ಅದರ ಲೆಕ್ಕಕ್ಕೇ ಬಂದಿಲ್ಲ. ಜಿಪಿಎಸ್ ಇದಕ್ಕೆ ತದ್ವಿರುದ್ಧ, ಅದು ಲೀಪ್ ಸೆಕೆಂಡನ್ನು ಒಪ್ಪದೆ ನೇರ ಎಣಿಸುತ್ತ ಹೋಗಿ ಈಗ 18 ಸೆಕೆಂಡು ಮುಂದಿದೆ. ಕಾಲ ಒಮ್ಮೆ ಹಿಂದೆ ಸರಿದಂತೆ ಕಾಣುವುದು ತಂತ್ರಾಂಶಗಳಿಗೆ ಒಗ್ಗುವುದಿಲ್ಲ. 2012ರ ಜುಲೈ 1ರ ಬೆಳಿಗ್ಗೆ ಲಿನಕ್ಸ್ ಕರ್ನಲ್‌ನ ಒಂದು ದೋಷ ಹೊರಬಿದ್ದು, ರೆಡ್ಡಿಟ್ ಸೇರಿದಂತೆ ಹಲವು ತಾಣಗಳ ಸರ್ವರ್‌ಗಳು ಕೆಲಸವಿಲ್ಲದೆಯೂ ಪೂರ್ಣ ವೇಗದಲ್ಲಿ ತಿರುಗಿ ಸುಸ್ತಾದವು. ಗೂಗಲ್ ಕಂಡುಕೊಂಡ ದಾರಿ ಬೇರೆ: ಆ ಒಂದು ಸೆಕೆಂಡನ್ನು ಹಲವು ಗಂಟೆಗಳ ಮೇಲೆ ಬೆಣ್ಣೆಯಂತೆ ತೆಳ್ಳಗೆ ಸವರಿಬಿಡುವುದು. 2022ರ ನವೆಂಬರಿನಲ್ಲಿ ತೂಕ ಮತ್ತು ಅಳತೆಗಳ ಮಹಾಸಭೆ 2035ರೊಳಗೆ ಈ ಪದ್ಧತಿಯನ್ನು ನಿಲ್ಲಿಸುವ ದಾರಿಯಲ್ಲಿ ನಿರ್ಣಯ ಕೈಗೊಂಡಿತು. ತಂತ್ರಾಂಶ ನಡೆಸುವವರ ಪಾಲಿಗೆ ಇದು ಒಳ್ಳೆಯ ಸುದ್ದಿ.

ಎಣಿಕೆಯ ತಪ್ಪಿನಿಂದ ಪ್ರಾಣಹಾನಿ ಆದದ್ದುಂಟೇ?

ಉಂಟು. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ ಇರಾಕಿನ ಸ್ಕಡ್ ಕ್ಷಿಪಣಿಯೊಂದು ಅಮೆರಿಕದ ಸೈನಿಕರಿದ್ದ ಕಟ್ಟಡಕ್ಕೆ ಬಿದ್ದು 28 ಮಂದಿ ಸತ್ತರು. ಅದನ್ನು ತಡೆಯಬೇಕಿದ್ದ ಪೇಟ್ರಿಯಟ್ ವ್ಯವಸ್ಥೆ ಕಾಲವನ್ನು ಸೆಕೆಂಡಿನ ಹತ್ತನೆಯ ಭಾಗಗಳಲ್ಲಿ ಎಣಿಸಿ, ಸೆಕೆಂಡಿಗೆ ತರಲು 0.1ರಿಂದ ಗುಣಿಸುತ್ತಿತ್ತು. ಹತ್ತರಲ್ಲೊಂದು ಎಂಬುದು ದ್ವಿಮಾನ ಪದ್ಧತಿಯಲ್ಲಿ ಮುಗಿಯದ ಭಿನ್ನರಾಶಿ, ನಮ್ಮ ದಶಮಾನದಲ್ಲಿ ಮೂರರಲ್ಲೊಂದು ಹೇಗೋ ಹಾಗೆ. 24 ಬಿಟ್‌ಗಳಿಗೆ ಅದನ್ನು ಕತ್ತರಿಸಿದಾಗ ಉಳಿದ ತಪ್ಪು ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಆದರೆ ವ್ಯವಸ್ಥೆಯನ್ನು ಆರಿಸದೆ 100 ಗಂಟೆ ನಡೆಸಿದ್ದರು, ಅಷ್ಟರಲ್ಲಿ ತಪ್ಪು ಬೆಳೆದು ಸೆಕೆಂಡಿನ ಮೂರನೆಯ ಒಂದು ಭಾಗವಾಗಿತ್ತು. ಅಷ್ಟು ಹೊತ್ತಿನಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಹೋಗುತ್ತದೆ. ರಾಡಾರ್ ಅದನ್ನು ಹುಡುಕಿದ್ದು ಅದು ಇಲ್ಲದ ಜಾಗದಲ್ಲಿ.

ಕೆಲವು ಕಡೆ 10 ಅಂಕಿ, ಕೆಲವು ಕಡೆ 13 ಅಂಕಿಯ ಸಂಖ್ಯೆ ಇರುತ್ತದೆ. ಯಾವುದು ಸರಿ?

ಎರಡೂ. ಹತ್ತು ಅಂಕಿಯದು ಸೆಕೆಂಡು, ಹದಿಮೂರು ಅಂಕಿಯದು ಮಿಲಿಸೆಕೆಂಡು. ಜಾವಾ ಮತ್ತು ಜಾವಾಸ್ಕ್ರಿಪ್ಟ್ ಎರಡನೆಯದನ್ನು ಬಳಸುತ್ತವೆ. ಒಂದನ್ನು ಇನ್ನೊಂದೆಂದು ತಿಳಿದರೆ ಇಂದಿನ ತಾರೀಖು ಒಂದೋ 1970ರ ಜನವರಿಗೆ, ಇಲ್ಲವೇ ಐವತ್ತು ಸಾವಿರ ವರ್ಷ ಮುಂದಕ್ಕೆ ಹೋಗುತ್ತದೆ. ಸೆಕೆಂಡಿನ ಎಣಿಕೆಗೆ ಹನ್ನೊಂದನೆಯ ಅಂಕಿ ಬರುವುದು 2286ರ ನವೆಂಬರ್ 20ರ ರಾತ್ರಿ 11:16:40ಕ್ಕೆ.

ನನಗೆ ಸಿಕ್ಕ ಇಂಥ ಸಂಖ್ಯೆಯನ್ನು ನಾನೇ ತಾರೀಖಿಗೆ ತಿರುಗಿಸುವುದು ಹೇಗೆ?

ಎಕ್ಸೆಲ್‌ನಂಥ ಲೆಕ್ಕಹಾಳೆ ಸಾಕು. ಹತ್ತು ಅಂಕಿಯ ಸಂಖ್ಯೆಯನ್ನು 86400ರಿಂದ ಭಾಗಿಸಿ, 25569 ಕೂಡಿಸಿ, ಭಾರತೀಯ ಕಾಲಮಾನಕ್ಕಾಗಿ 5.5ನ್ನು 24ರಿಂದ ಭಾಗಿಸಿ ಬಂದದ್ದನ್ನೂ ಕೂಡಿಸಿ, ಆ ಕೋಶಕ್ಕೆ ತಾರೀಖು ಮತ್ತು ಸಮಯದ ರೂಪ ಕೊಡಿ. 1000000000 ಹಾಕಿ ನೋಡಿದಾಗ 2001ರ ಸೆಪ್ಟೆಂಬರ್ 9, 7:16:40 ಬಂದರೆ ಸೂತ್ರ ಸರಿಯಿದೆ. 25569 ಎಂಬುದು ಎಕ್ಸೆಲ್ ತನ್ನದೇ ಯುಗಾದಿಯಾದ 1900ರ ಜನವರಿ 1ನ್ನು ಒಂದು ಎಂದು ಎಣಿಸಿ 1970ಕ್ಕೆ ತಲುಪುವಾಗ ಸಿಗುವ ದಿನಸಂಖ್ಯೆ. ಕೈಯಲ್ಲಿ ಎಣಿಸಿ ನೋಡಿದವರಿಗೆ 25568 ಮಾತ್ರ ಬರುತ್ತದೆ, ಅದರಲ್ಲಿ ನಿಮ್ಮ ತಪ್ಪಿಲ್ಲ: ಲೋಟಸ್ 1-2-3 ಎಂಬ ಹಳೆಯ ಲೆಕ್ಕಹಾಳೆ 1900ನ್ನು ಅಧಿಕ ವರ್ಷವೆಂದು ತಪ್ಪಾಗಿ ಎಣಿಸಿತ್ತು, ಅದರ ಕಡತಗಳೊಂದಿಗೆ ಹೊಂದಿಕೊಳ್ಳಲೆಂದು ಎಕ್ಸೆಲ್ ಆ ತಪ್ಪನ್ನು ತಿಳಿದೇ ಉಳಿಸಿಕೊಂಡಿತು. ಜಗತ್ತು ಎಂದೂ ಕಾಣದ 1900ರ ಫೆಬ್ರವರಿ 29 ಅದರ ಲೆಕ್ಕದಲ್ಲಿ ಇವತ್ತಿಗೂ 60ನೆಯ ದಿನ.